ಒಂದು ಡಿಗ್ರಿಯ ಆಟ

ಗಾಲ್ಫ್ ಆಟದ ಲೆಕ್ಕದಲ್ಲಿ ಒಂದು ವಿಚಿತ್ರ ನ್ಯಾಯವಿದೆ. ಟೀ ಮೇಲಿಟ್ಟ ಚೆಂಡನ್ನು ಬೀಸಿ ಮುನ್ನೂರು ಗಜ ದೂರಕ್ಕೆ ಅಟ್ಟಿದರೂ ಒಂದು ಹೊಡೆತ; ಕುಳಿಯಿಂದ ಮೂರಡಿ ದೂರ ನಿಂತ ಚೆಂಡನ್ನು ಮೆಲ್ಲಗೆ ತಳ್ಳಿ ಒಳಗೆ ಬೀಳಿಸಿದರೂ ಒಂದು ಹೊಡೆತ. ಮೊದಲನೆಯದಕ್ಕೆ ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಎರಡನೆಯದು ಬಿದ್ದರೆ ಯಾರೂ ಮಾತಾಡುವುದಿಲ್ಲ. ಬೀಳದಿದ್ದರೆ ಮಾತ್ರ ಎಲ್ಲರೂ ಮುಖ ತಿರುಗಿಸಿ ಮರಗಿಡಗಳನ್ನು ನೋಡತೊಡಗುತ್ತಾರೆ. ಆ ಮೌನ ಎಷ್ಟು ಭಾರವಾದದ್ದು ಎಂಬುದು ಆಡಿದವರಿಗೇ ಗೊತ್ತು.

ಗಾಲ್ಫ್ ಆಡದ ಓದುಗರಿಗಾಗಿ ಎರಡು ಮಾತು. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಹಾಸಿಗೆ ಗ್ರೀನ್ ಎಂದು ಹೆಸರು. ಅಲ್ಲಿಗೆ ಬಂದ ಮೇಲೆ ಚೆಂಡನ್ನು ಹಾರಿಸುವುದಿಲ್ಲ, ನೆಲದ ಮೇಲೆ ಉರುಳಿಸುತ್ತಾರೆ. ಅದೇ ಪಟ್ಟಿಂಗ್. ಅದಕ್ಕೆ ಬಳಸುವ ಚಪ್ಪಟೆ ಮುಖದ ಕೋಲು ಪಟ್ಟರ್. ಪಾರ್ 72 ಇರುವ ಮೈದಾನದಲ್ಲಿ ಹದಿನೆಂಟು ಕುಳಿಗಳು. ಪ್ರತಿ ಕುಳಿಗೂ ಎರಡು ಪಟ್ ಎಂದು ಪಾರ್ ಗೊತ್ತು ಮಾಡುವಾಗಲೇ ಲೆಕ್ಕ ಹಿಡಿದಿರುತ್ತಾರೆ. ಅಲ್ಲಿಗೆ 36 ಹೊಡೆತ, ಎಂದರೆ ಒಟ್ಟು ಲೆಕ್ಕದಲ್ಲಿ ಸರಿಯಾಗಿ ಅರ್ಧ, ಈ ಒಂದೇ ಕೋಲಿನ ಪಾಲು.

ಹಾಗೆಂದು ಪಟ್ಟಿಂಗೇ ಎಲ್ಲ ಎಂದು ಹೇಳಿದರೆ ತಪ್ಪಾದೀತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ವೃತ್ತಿಪರ ಆಟಗಾರರ ಲಕ್ಷಾಂತರ ಹೊಡೆತಗಳನ್ನು ಲೆಕ್ಕ ಹಾಕಿ 2014ರಲ್ಲಿ ಒಂದು ಪುಸ್ತಕ ಬರೆದರು. ಅಗ್ರಶ್ರೇಣಿಯ ಆಟಗಾರರು ಉಳಿದವರಿಗಿಂತ ಮುಂದಿರುವುದಕ್ಕೆ ಪಟ್ಟಿಂಗ್ ಕಾರಣವಾಗುವುದು ಸುಮಾರು ಶೇಕಡ 15ರಷ್ಟು ಮಾತ್ರ, ದೂರದ ಹೊಡೆತಗಳ ಪಾಲೇ ಹೆಚ್ಚು ಎಂದು ಅವರು ತೋರಿಸಿದರು. ಒಪ್ಪೋಣ. ಆದರೆ ದೂರದ ಹೊಡೆತ ಸುಧಾರಿಸಲು ಎಳೆಯ ಸೊಂಟ ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು, ಪಕ್ಕದಲ್ಲಿ ತರಬೇತುದಾರರು ಬೇಕು. ಪಟ್ಟಿಂಗ್ ಸುಧಾರಿಸಲು ಇವ್ಯಾವುವೂ ಬೇಡ. ಹದಿನಾರರ ಹುಡುಗಿಯೂ ಎಪ್ಪತ್ತರ ಅಜ್ಜನೂ ಸರಿಸಮಾನರಾಗಿ ನಿಲ್ಲುವುದು ಗ್ರೀನ್ ಮೇಲೆ ಮಾತ್ರ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊದಲ್ಲಿ ಆಡಿದ್ದನ್ನು ನೆನಪಿಸಿಕೊಳ್ಳಿ. 2020ರ ಒಲಿಂಪಿಕ್ಸ್ 2021ರಲ್ಲಿ ನಡೆಯಿತು. ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ಆಟ ಕಲಿತ ಈ ಹುಡುಗಿಗೆ ಆಗ 23 ವರ್ಷ, ವಿಶ್ವ ಶ್ರೇಯಾಂಕ 200. ಕೋವಿಡ್‌ನಿಂದ ಚೇತರಿಸಿಕೊಂಡು ಬಂದಿದ್ದರು. ಜೊತೆಯ ಆಟಗಾರ್ತಿಯರ ಡ್ರೈವ್‌ಗಳು ಅವರ ಚೆಂಡನ್ನು ದಾಟಿ ಬಲು ಮುಂದೆ ಹೋಗಿ ಬೀಳುತ್ತಿದ್ದವು. ಆದರೂ ಮೂರನೆಯ ದಿನದ ಕೊನೆಗೆ ಅದಿತಿ ಎರಡನೆಯ ಸ್ಥಾನದಲ್ಲಿದ್ದರು. ದೂರದಲ್ಲಿ ಕಳೆದುಕೊಂಡದ್ದನ್ನು ಅವರು ಗ್ರೀನ್ ಮೇಲೆ ವಸೂಲು ಮಾಡುತ್ತಿದ್ದರು. ಕೊನೆಗೆ ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೆಯವರಾದರು. ಆ ವಾರ ಗಾಲ್ಫ್ ಎಂದರೇನೆಂದು ತಿಳಿಯದ ಎಷ್ಟೋ ಮನೆಗಳಲ್ಲಿ ಬೆಳಗಿನ ಕಾಫಿ ಆರಿಹೋಗುವಷ್ಟು ಹೊತ್ತು ಟೀವಿ ಮುಂದೆ ಕೂತು ನೋಡಿದ್ದು, ಒಂದು ಚಿಕ್ಕ ಬಿಳಿ ಚೆಂಡು ಕುಳಿಯತ್ತ ಉರುಳುವುದನ್ನು.

ಇಷ್ಟೆಲ್ಲ ಪೀಠಿಕೆ ಒಂದು ಪತ್ರಕ್ಕಾಗಿ. ನಿವೃತ್ತರಾದ ಓದುಗರೊಬ್ಬರು ಬರೆದಿದ್ದಾರೆ: ‘ವಾರಕ್ಕೆ ಮೂರು ದಿನ ಆಡುತ್ತೇನೆ. ಗ್ರೀನ್‌ವರೆಗೂ ಸರಿಯಾಗಿಯೇ ಹೋಗುತ್ತೇನೆ. ಮೂರಡಿ ಪಟ್ ಬಂದರೆ ಕೈ ಬಿಗಿಯುತ್ತದೆ. ಗೆಳೆಯರು ತಮಾಷೆ ಮಾಡುವುದನ್ನೂ ಬಿಟ್ಟಿದ್ದಾರೆ, ಅದೇ ಹೆಚ್ಚು ನೋವು. ಎರಡು ಪಟ್ಟರ್ ಬದಲಾಯಿಸಿದೆ. ಆಟವನ್ನೇ ಬಿಡೋಣವೆ ಎನಿಸಿದೆ.’

ಬಿಡಬೇಡಿ ಸ್ವಾಮಿ. ಮೂರನೆಯ ಪಟ್ಟರ್ ಕೊಳ್ಳುವುದೂ ಬೇಡ. ದೋಷ ಕೋಲಿನಲ್ಲಿರುವುದು ಅಪರೂಪ. ಬಹುಪಾಲು ಅದು ಚೆಂಡು ಕದಲುವ ಮುಂಚೆಯೇ, ನೀವು ನಿಂತ ಭಂಗಿಯಲ್ಲಿ ಮತ್ತು ಹಿಡಿದ ಹಿಡಿತದಲ್ಲಿ ಅಡಗಿ ಕುಳಿತಿರುತ್ತದೆ. ಅದನ್ನು ಹುಡುಕುವ ಕ್ರಮವೊಂದಿದೆ.

ಮೂರಡಿಯ ಗಣಿತ

ಗಾಲ್ಫ್ ಕುಳಿಯ ಅಡ್ಡಳತೆ ನಾಲ್ಕೂಕಾಲು ಅಂಗುಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಿರಿಯರು 1891ರಲ್ಲಿ ಗೊತ್ತು ಮಾಡಿದ ಈ ಅಳತೆ ಇಂದಿಗೂ ಬದಲಾಗಿಲ್ಲ. ಕುಳಿಯ ನಡುವಿನಿಂದ ಅಂಚಿಗೆ ಎರಡು ಅಂಗುಲಕ್ಕೆ ತುಸು ಹೆಚ್ಚು.

ಚೆಂಡು ಯಾವ ದಿಕ್ಕಿಗೆ ಹೊರಡಬೇಕು ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ, ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು, ಚೆಂಡಿಗೆ ತಾಗುವ ಗಳಿಗೆಯಲ್ಲಿ ಪಟ್ಟರಿನ ಮುಖ ಯಾವ ಕಡೆ ನೋಡುತ್ತಿದೆ ಎಂಬುದೇ. ಪಟ್ಟರ್ ಸಾಗಿ ಬಂದ ದಾರಿಯ ಪಾಲು ಕಡಿಮೆ. ಈಗ ಶಾಲೆಯ ತ್ರಿಕೋನಮಿತಿ ನೆನಪಿಸಿಕೊಳ್ಳಿ. ಮುಖ ಒಂದು ಡಿಗ್ರಿ ಓರೆಯಾದರೆ ಹತ್ತಡಿ ದೂರದಲ್ಲಿ ಚೆಂಡು 2.1 ಅಂಗುಲ ಪಕ್ಕಕ್ಕೆ ಸರಿಯುತ್ತದೆ. ಎಂದರೆ ಚೆಂಡಿನ ನಡುಭಾಗ ಸರಿಯಾಗಿ ಕುಳಿಯ ಅಂಚಿನ ಮೇಲೆ ಬರುತ್ತದೆ. ಉಸಿರು ನಿಲ್ಲುವಂತೆ ಬಂದರೆ ಒಳಗೆ ಬೀಳಬಹುದು, ಕೊಂಚ ವೇಗವಿದ್ದರೂ ಅಂಚನ್ನು ಸವರಿ ಹೊರಗೆ ಹೋಗುತ್ತದೆ. ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ ಆರು ಡಿಗ್ರಿ ಸರಿಯುತ್ತದೆ. ಅದರ ಆರನೆಯ ಒಂದು ಪಾಲು ಈ ತಪ್ಪು. ಹೀಗಾಗಿಯೇ ಅಮೆರಿಕದ ವೃತ್ತಿಪರ ಟೂರ್‌ನ ಘಟಾನುಘಟಿಗಳೂ ಎಂಟಡಿ ಪಟ್‌ಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಬೀಳಿಸುತ್ತಾರೆ. ಎಂಟಡಿ ತಪ್ಪಿತೆಂದು ತಲೆಯ ಮೇಲೆ ಕೈ ಹೊರುವವರು ಇದನ್ನು ಗಮನಿಸಬೇಕು.

ಮೂರಡಿಯ ಕತೆ ಬೇರೆ. ಅಲ್ಲಿ ಒಂದು ಡಿಗ್ರಿ ತಪ್ಪಿಗೆ ಚೆಂಡು ಸರಿಯುವುದು ಮುಕ್ಕಾಲು ಅಂಗುಲಕ್ಕೂ ಕಡಿಮೆ. ಸಮತಟ್ಟಾದ ಜಾಗದಲ್ಲಿ ಚೆಂಡು ಅಂಚಿಗೆ ಬರಬೇಕಾದರೆ ಮುಖ ಮೂರು ಡಿಗ್ರಿಗೂ ಮೀರಿ ತಿರುಗಿರಬೇಕು. ಕೈಚಳಕದ ಸಣ್ಣ ಏರುಪೇರಿನಿಂದ ಅಷ್ಟಾಗುವುದಿಲ್ಲ. ಮತ್ತೆ ಮತ್ತೆ ಮೂರಡಿ ತಪ್ಪುತ್ತಿದ್ದರೆ ಎರಡರಲ್ಲಿ ಒಂದು ಕಾರಣವಿರಬೇಕು: ಪಟ್ಟರನ್ನು ಇಟ್ಟಾಗಲೇ ಅದು ಬೇರೆ ಕಡೆ ನೋಡುತ್ತಿದೆ, ಇಲ್ಲವೇ ಹೊಡೆಯುವ ಗಳಿಗೆಯಲ್ಲಿ ಕೈ ಬೆದರಿ ಅದನ್ನು ತಿರುಗಿಸುತ್ತಿದೆ. ಮೊದಲನೆಯದಕ್ಕೆ ಮದ್ದು ನಿಲುವಿನಲ್ಲಿದೆ, ಎರಡನೆಯದಕ್ಕೆ ಹಿಡಿತದಲ್ಲಿ. ಯಾವ ರೋಗವೆಂದು ತಿಳಿಯದೆ ಎರಡಕ್ಕೂ ಒಟ್ಟಿಗೆ ಮದ್ದು ಮಾಡಲು ಹೊರಟರೆ ಯಾವುದು ನಾಟಿತು ಎಂದೇ ತಿಳಿಯುವುದಿಲ್ಲ.

ಮುಂದೆ ಹೇಳುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ದಯವಿಟ್ಟು ಎಡಬಲ ಬದಲಿಸಿ ಓದಿಕೊಳ್ಳಿ.

ಕಣ್ಣು ಎಲ್ಲಿದೆ?

ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತು ವೇಗದ ಮುಳ್ಳನ್ನು ಓರೆಯಾಗಿ ನೋಡಿದವರಿಗೆ ಗೊತ್ತು. ಓಡಿಸುವವರಿಗೆ ನಲವತ್ತು ಕಂಡರೆ ನಿಮಗೆ ಮೂವತ್ತೆಂಟು ಕಾಣುತ್ತದೆ. ಮುಳ್ಳು ಒಂದೇ, ನೋಡುವ ಕಣ್ಣಿನ ಜಾಗ ಬೇರೆ. ಪಟ್ಟಿಂಗ್‌ನಲ್ಲೂ ಇದೇ ಮೋಸ ನಡೆಯುತ್ತದೆ. ಚೆಂಡಿನಿಂದ ಕುಳಿಗೆ ಎಳೆದ ಗೆರೆಯನ್ನು ದಾಟಿ ಕಣ್ಣು ಆಚೆ ಚಾಚಿಕೊಂಡಿದ್ದರೆ ಗೆರೆ ಒಂದು ರೀತಿ ಕಾಣುತ್ತದೆ. ಕಣ್ಣು ತೀರಾ ಈಚೆ, ಪಾದಗಳ ಕಡೆ ಉಳಿದರೆ ಇನ್ನೊಂದು ರೀತಿ. ಕುಳಿಗೆ ನೇರ ಗುರಿಯಿಟ್ಟಿದ್ದೇನೆ ಎಂದು ನೀವು ಆಣೆ ಮಾಡಿ ಹೇಳಬಹುದು; ಪಟ್ಟರ್ ಮಾತ್ರ ಪಕ್ಕದ ಮರಕ್ಕೆ ಮುಖ ಮಾಡಿರುತ್ತದೆ.

ಪರೀಕ್ಷೆ ಸುಲಭ. ಎಂದಿನಂತೆ ಚೆಂಡಿನ ಮುಂದೆ ನಿಲ್ಲಿ. ಇನ್ನೊಂದು ಚೆಂಡನ್ನು ಎರಡು ಕಣ್ಣುಗಳ ನಡುವೆ, ಮೂಗಿನ ಮೇಲ್ತುದಿಗೆ ತಾಗಿಸಿ ಹಿಡಿದು ಕೈಬಿಡಿ. ಅದು ನೆಲದ ಚೆಂಡಿನ ಗೆರೆಯ ಮೇಲೆ ಬಿದ್ದರೆ ಸರಿ. ಒಂದೆರಡು ಅಂಗುಲ ಈಚೆಗೆ, ನಿಮ್ಮ ಪಾದದ ಕಡೆಗೆ ಬಿದ್ದರೂ ಚಿಂತೆಯಿಲ್ಲ. ಎಷ್ಟೋ ಒಳ್ಳೆಯ ಆಟಗಾರರು ಹಾಗೆ ನಿಲ್ಲುತ್ತಾರೆ. ಗೆರೆಯ ಆಚೆಗೆ ಬಿದ್ದರೆ ಮಾತ್ರ ಅರ್ಧ ಹೆಜ್ಜೆ ಹಿಂದೆ ಸರಿಯಿರಿ. ಕಣ್ಣುಗಳೆರಡನ್ನೂ ಸೇರಿಸಿ ಎಳೆದ ಗೆರೆ ಪಟ್‌ನ ಗೆರೆಗೆ ಸಮಾನಾಂತರವಾಗಿರಲಿ. ಕುಳಿಯ ಕಡೆ ನೋಡುವಾಗ ತಲೆ ಎತ್ತಬೇಡಿ, ದಿಂಬಿನ ಮೇಲೆ ತಲೆ ಹೊರಳಿಸಿದಂತೆ ಇದ್ದಲ್ಲೇ ಹೊರಳಿಸಿ.

ಇಲ್ಲೇ ಪಟ್ಟರಿನ ಉದ್ದದ ಮಾತೂ ಬರುತ್ತದೆ. ಅಂಗಡಿಯಲ್ಲಿ ಸಿಗುವ ಪಟ್ಟರುಗಳು ಸಾಮಾನ್ಯವಾಗಿ 34 ಅಥವಾ 35 ಅಂಗುಲದವು. ಐದೂವರೆ ಅಡಿ ಎತ್ತರದ ನಮ್ಮವರು ಇದರ ತುತ್ತತುದಿ ಹಿಡಿದರೆ ಮೊಣಕೈ ಮಡಚಬೇಕಾಗುತ್ತದೆ, ಚೆಂಡು ದೂರವಾಗುತ್ತದೆ, ಪಟ್ಟರಿನ ಮೂಗು ನೆಲ ಬಿಟ್ಟು ಮೇಲೇಳುತ್ತದೆ. ಜಪಾನಿನ ಇಸಾವೊ ಅಓಕಿ ಹೀಗೇ ಮೂಗು ಮೇಲೆತ್ತಿ ಆಡಿ 1980ರ ಅಮೆರಿಕನ್ ಓಪನ್‌ನಲ್ಲಿ ಜಾಕ್ ನಿಕ್ಲಾಸ್‌ಗೆ ಎರಡನೆಯವರಾದರು ನಿಜ. ಆದರೆ ಅದು ಅವರ ಕೈಗೆ ಒಲಿದ ವಿದ್ಯೆ. ನಾವು ಹಿಡಿಯನ್ನು ಒಂದು ಅಂಗುಲ ಕೆಳಗೆ ಸರಿಸಿ ಹಿಡಿದರೆ ಸಾಕು. ಕೈಗಳು ಭುಜದಿಂದ ತಾವಾಗಿ ಜೋತುಬೀಳುತ್ತವೆ, ಕಣ್ಣು ಚೆಂಡಿನ ಮೇಲೆ ಬರುತ್ತದೆ. ಖರ್ಚು ಸೊನ್ನೆ.

ಚೆಂಡು ಎಲ್ಲಿದೆ?

ಪಟ್ಟರಿನ ಮುಖ ಗೋಡೆಯಂತೆ ನೆಟ್ಟಗಿದೆ ಎಂದು ಅನೇಕರು ತಿಳಿದಿದ್ದಾರೆ. ಅದು ಮೂರು ನಾಲ್ಕು ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಚೆಂಡು ತನ್ನ ಭಾರಕ್ಕೆ ಹುಲ್ಲಿನಲ್ಲಿ ಚೂರು ತಗ್ಗಿ ಕೂತಿರುವುದರಿಂದ ಅದನ್ನು ಮೆಲ್ಲಗೆ ಎತ್ತಿ ಉರುಳಿಸಲು ಈ ಏರ್ಪಾಡು. ಚೆಂಡು ಎರಡು ಪಾದಗಳ ನಟ್ಟನಡುವಿಗಿಂತಲೂ ಹಿಂದಿದ್ದರೆ ಪಟ್ಟರ್ ಮೇಲಿನಿಂದ ಕೆಳಗೆ ಬಂದು ಬಡಿಯುತ್ತದೆ; ಚೆಂಡು ಉರುಳುವ ಬದಲು ಪುಟಿಯುತ್ತದೆ. ತೀರಾ ಮುಂದೆ, ಎಡ ಹೆಬ್ಬೆರಳಿನ ಎದುರು ಇದ್ದರೆ ಪಟ್ಟರಿನ ಮುಖ ಅಷ್ಟರಲ್ಲಿ ಒಳಕ್ಕೆ ತಿರುಗಿ ಚೆಂಡು ಎಡಕ್ಕೆ ಹೋಗುತ್ತದೆ.

ಸರಿಯಾದ ಜಾಗ ನಡುವಿಗಿಂತ ಒಂದೆರಡು ಅಂಗುಲ ಮುಂದೆ, ಅಂದಾಜಿಗೆ ಎಡಗಣ್ಣಿನ ಕೆಳಗೆ. ಮೇಲೆ ಹೇಳಿದ ಚೆಂಡು ಬೀಳಿಸುವ ಪರೀಕ್ಷೆಯನ್ನು ಎಡಗಣ್ಣಿನಿಂದ ಮಾಡಿದರೆ ಇದೂ ತಿಳಿದುಹೋಗುತ್ತದೆ. ನಿಮ್ಮ ಪಟ್‌ಗಳು ಸದಾ ಎಡಕ್ಕೇ ತಪ್ಪುತ್ತಿದ್ದರೆ ಹಿಡಿತಕ್ಕೆ ಕೈ ಹಾಕುವ ಮುಂಚೆ ಚೆಂಡನ್ನು ಒಂದು ಅಂಗುಲ ಹಿಂದಿಟ್ಟು ನೋಡಿ; ಸದಾ ಬಲಕ್ಕೇ ಹೋಗುತ್ತಿದ್ದರೆ ಒಂದು ಅಂಗುಲ ಮುಂದೆ. ಎಷ್ಟೋ ಸಲ ವರ್ಷಗಳ ಕಾಯಿಲೆ ಇಷ್ಟರಲ್ಲೇ ವಾಸಿಯಾಗುವುದುಂಟು.

ಹಿಡಿಯುವ ಬಗೆ

ದೂರ ಹೊಡೆಯುವ ಕೋಲನ್ನು ಬೆರಳುಗಳಲ್ಲಿ ಹಿಡಿಯುತ್ತಾರೆ, ಮಣಿಕಟ್ಟು ಚಾಟಿಯಂತೆ ತಿರುಗಲಿ ಎಂದು. ಪಟ್ಟರಿನಲ್ಲಿ ಮಣಿಕಟ್ಟು ತಿರುಗಬಾರದು. ಆದ್ದರಿಂದ ಹಿಡಿಯನ್ನು ಬೆರಳುಗಳಿಂದ ಅಂಗೈಗೆ ಏರಿಸಬೇಕು. ಹಸ್ತಸಾಮುದ್ರಿಕದವರು ಆಯುಷ್ಯರೇಖೆ ಎನ್ನುತ್ತಾರಲ್ಲ, ಎಡ ಅಂಗೈಯ ಆ ಗೆರೆಯ ಗುಂಟ ಹಿಡಿ ಮಲಗಿರಲಿ. ಆಗ ಮುಂಗೈ ಮತ್ತು ಕೋಲು ಒಂದೇ ಗೆರೆಯಲ್ಲಿ ಬರುತ್ತವೆ. ಎರಡೂ ಹೆಬ್ಬೆರಳುಗಳು ಹಿಡಿಯ ಚಪ್ಪಟೆ ಭಾಗದ ಮೇಲೆ ನೇರ ಕೆಳಗೆ ನೋಡಲಿ. ಎಡಗೈ ತೋರುಬೆರಳನ್ನು ಬಲಗೈ ಬೆರಳುಗಳ ಮೇಲೆ ಹೊದಿಸಿದರೆ ಎರಡು ಕೈಗಳೂ ಒಂದಾಗುತ್ತವೆ. ಬಹುಮಂದಿ ಹಿಡಿಯುವ ರೀತಿ ಇದು. ಭುಜ ತೂಗಬೇಕು, ಕೈಗಳು ಅದರ ಜೊತೆಗೆ ಹೋಗಿ ಬರಬೇಕು.

ಎಷ್ಟು ಬಿಗಿಯಾಗಿ ಹಿಡಿಯಬೇಕು? ಸಂತೆಯಲ್ಲಿ ಮೊಮ್ಮಗುವಿನ ಕೈ ಹಿಡಿದು ನಡೆಯುವಷ್ಟು. ಮಗು ತಪ್ಪಿಸಿಕೊಳ್ಳಬಾರದು, ಕೈ ನೋಯಲೂ ಬಾರದು. ಇದಕ್ಕಿಂತ ಮುಖ್ಯವಾದದ್ದು, ಆ ಬಿಗಿ ಮೊದಲಿಂದ ಕೊನೆಯವರೆಗೆ ಒಂದೇ ಸಮ ಇರಬೇಕು. ಹಗುರಾಗಿ ಹಿಡಿದು ಶುರುಮಾಡಿ, ಚೆಂಡು ತಾಗುವ ಗಳಿಗೆಯಲ್ಲಿ ಕಸಕ್ಕನೆ ಬಿಗಿ ಹಿಡಿಯುವುದೇ ಮೂರಡಿಯ ಶತ್ರು.

ಈ ಸಾಮಾನ್ಯ ಹಿಡಿತದಲ್ಲಿ ಒಂದು ಕುಂದಿದೆ. ಬಲಗೈ ಕೆಳಗೆ ಇರುವುದರಿಂದ ಬಲ ಭುಜ ತಗ್ಗುತ್ತದೆ, ಎಷ್ಟೋ ಜನರಲ್ಲಿ ಮುಂದಕ್ಕೂ ಚಾಚುತ್ತದೆ. ಭುಜಗಳ ಗೆರೆ ಎಡಕ್ಕೆ ತಿರುಗಿಕೊಳ್ಳುತ್ತದೆ, ಪಟ್ಟರೂ ಅದೇ ದಾರಿ ಹಿಡಿಯುತ್ತದೆ. ಇದಕ್ಕೆ ಪರಿಹಾರ ಕೈಗಳನ್ನು ಅದಲುಬದಲು ಮಾಡುವುದು: ಎಡಗೈ ಕೆಳಗೆ, ಬಲಗೈ ಮೇಲೆ. ಭುಜಗಳೆರಡೂ ಸಮವಾಗುತ್ತವೆ, ಎಡ ಮಣಿಕಟ್ಟು ಮುರಿಯುವ ಅಭ್ಯಾಸ ತಾನಾಗಿ ನಿಲ್ಲುತ್ತದೆ. ಅಮೆರಿಕದ ಜಿಮ್ ಫ್ಯೂರಿಕ್ ಬಾಲ್ಯದಲ್ಲಿ ತಂದೆ ಕಲಿಸಿದ ಈ ಹಿಡಿತದಲ್ಲೇ ಆಡುತ್ತ 2003ರಲ್ಲಿ ಅಮೆರಿಕನ್ ಓಪನ್ ಗೆದ್ದರು. ಜೋರ್ಡಾನ್ ಸ್ಪೀತ್ 2015ರಲ್ಲಿ ಮಾಸ್ಟರ್ಸ್ ಮತ್ತು ಅಮೆರಿಕನ್ ಓಪನ್ ಎರಡನ್ನೂ ಗೆದ್ದಾಗ ಅವರ ಎಡಗೈ ಕೆಳಗೇ ಇತ್ತು. ಮೊದಲ ದಿನ ಇದು ಎಡಗೈಯಲ್ಲಿ ಸಹಿ ಹಾಕಿದಂತೆ ಅನಿಸುತ್ತದೆ. ದೂರದ ಪಟ್‌ಗಳಲ್ಲಿ ಅಳತೆ ಸಿಗುವುದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಹಾಗಾಗಿ ಹತ್ತಡಿ ಒಳಗಿನ ಪಟ್‌ಗಳಿಗೆ ಮಾತ್ರ ಇದನ್ನು ಬಳಸಿ ಉಳಿದವಕ್ಕೆ ಹಳೆಯ ಹಿಡಿತವನ್ನೇ ಇಟ್ಟುಕೊಂಡರೂ ಅಡ್ಡಿಯಿಲ್ಲ.

ಕೈ ಬೆದರುವವರಿಗೆ ಇನ್ನೊಂದಿದೆ. ಇಂಗ್ಲಿಷಿನಲ್ಲಿ ಕ್ಲಾ ಎನ್ನುತ್ತಾರೆ, ಎಂದರೆ ಹಕ್ಕಿಯ ಉಗುರು. ಎಡಗೈ ಮೇಲೆ ಎಂದಿನಂತೆ. ಬಲಗೈ ಕೋಲನ್ನು ಮುಷ್ಟಿ ಕಟ್ಟಿ ಹಿಡಿಯುವುದಿಲ್ಲ. ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಲೇಖನಿಯಂತೆ ಸುಮ್ಮನೆ ತಾಗಿಸಿಕೊಂಡಿರುತ್ತದೆ. ಬೆದರಿ ಜಾಡಿಸುವುದು ಬಹುಮಟ್ಟಿಗೆ ಬಲಗೈ. ಅದರಿಂದ ಅಧಿಕಾರವನ್ನೇ ಕಿತ್ತುಕೊಂಡ ಮೇಲೆ ಜಾಡಿಸಲು ಏನು ಉಳಿಯಿತು? ಸ್ಪೇನಿನ ಸೆರ್ಜಿಯೊ ಗಾರ್ಸಿಯಾ ಎಳವೆಯಿಂದ ಪ್ರತಿಭಾವಂತರೆಂದು ಹೆಸರಾಗಿಯೂ ದೊಡ್ಡ ಪ್ರಶಸ್ತಿ ಕೈಗೆ ಸಿಗದೆ ವರ್ಷಗಟ್ಟಲೆ ಕಾದವರು. ಕೊನೆಗೆ 2017ರಲ್ಲಿ ಅವರು ಮಾಸ್ಟರ್ಸ್ ಗೆದ್ದದ್ದು ಈ ಹಿಡಿತದಿಂದ.

ಲ್ಯಾಂಗರ್ ಕಲಿಸುವ ಪಾಠ

ಹಿಡಿತ ಬದಲಿಸುವುದು ಅವಮಾನ ಎಂದುಕೊಂಡವರು ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಕತೆ ಕೇಳಬೇಕು. ಗಾಲ್ಫಿನಲ್ಲಿ ಯಿಪ್ಸ್ ಎಂಬ ಕಾಟವೊಂದಿದೆ. ಚಿಕ್ಕ ಪಟ್ ಎದುರಾದಾಗ ಕೈ ತನ್ನಷ್ಟಕ್ಕೆ ತಾನೇ ಝಟಕಾಯಿಸುತ್ತದೆ. ಇದು ಬರೀ ಪುಕ್ಕಲುತನವಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಇದನ್ನು ಅಧ್ಯಯನ ಮಾಡಿ, ಕೆಲವರಲ್ಲಿ ಇದಕ್ಕೆ ಆತಂಕ ಮೂಲ, ಮತ್ತೆ ಕೆಲವರಲ್ಲಿ ಬರೆಯುವವರ ಕೈಗೆ ಹಿಡಿಯುವ ಸೆಳೆತದಂಥ ನರ-ಸ್ನಾಯುಗಳ ತೊಂದರೆ ಮೂಲ ಎಂದು ವಿಂಗಡಿಸಿದ್ದಾರೆ. ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿದ ಕೈಗೆ ಬರುವ ಕಾಟ ಅದು. ಚಲನೆಯನ್ನು ಕೊಂಚ ಬೇರೆ ಮಾಡಿದರೆ ಎಷ್ಟೋ ಸಲ ಅದು ದಾರಿ ತಪ್ಪಿಸಿಕೊಂಡು ಹೋಗುತ್ತದೆ.

ಲ್ಯಾಂಗರ್‌ಗೆ ಈ ಕಾಟ ಒಂದಲ್ಲ, ಹಲವು ಸಲ ಬಂದಿತು. ಪ್ರತಿ ಸಲವೂ ಅವರು ಹಿಡಿತ ಬದಲಿಸಿದರು. 1985ರಲ್ಲಿ ಮಾಸ್ಟರ್ಸ್ ಗೆದ್ದಾಗ ಚಿಕ್ಕ ಪಟ್‌ಗಳಿಗೆ ಎಡಗೈ ಕೆಳಗಿಟ್ಟು ಆಡುತ್ತಿದ್ದರು. ಕಾಟ ಮರಳಿದಾಗ ಇನ್ನೂ ವಿಚಿತ್ರವಾದ ಹಿಡಿತ ಹುಡುಕಿಕೊಂಡರು: ಎಡಗೈಯಿಂದ ಕೋಲನ್ನು ಬಹಳ ಕೆಳಗೆ ಹಿಡಿದು, ಕೋಲಿನ ಮೇಲ್ಭಾಗವನ್ನು ಎಡ ಮುಂಗೈಗೆ ಒತ್ತಿ, ಎರಡನ್ನೂ ಸೇರಿಸಿ ಬಲಗೈಯಿಂದ ಅದುಮಿಕೊಳ್ಳುವುದು. ಮುರಿದ ಕೈಗೆ ದಬ್ಬೆ ಕಟ್ಟಿದಂತೆ ಕಾಣುತ್ತಿತ್ತು. 1991ರ ರೈಡರ್ ಕಪ್‌ನಲ್ಲಿ ಯೂರೋಪಿನ ಭವಿಷ್ಯವೆಲ್ಲ ಅವರ ಕೊನೆಯ ಆರಡಿ ಪಟ್ ಮೇಲೆ ನಿಂತಿತ್ತು. ಅದು ತಪ್ಪಿತು, ಕಪ್ ಅಮೆರಿಕದ ಪಾಲಾಯಿತು. ಬೇರೆಯವರಾಗಿದ್ದರೆ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಲ್ಯಾಂಗರ್ ಮರುವಾರವೇ ತಮ್ಮ ದೇಶದ ಜರ್ಮನ್ ಮಾಸ್ಟರ್ಸ್ ಗೆದ್ದರು. 1993ರಲ್ಲಿ ಆ ದಬ್ಬೆ ಹಿಡಿತದಿಂದಲೇ ಎರಡನೆಯ ಸಲ ಅಗಸ್ಟಾದ ಮಾಸ್ಟರ್ಸ್ ಗೆದ್ದರು.

ಮುಂದೆ ಅವರು ಎದೆಯ ಮಟ್ಟದ ಉದ್ದ ಪಟ್ಟರಿಗೆ ಹೋದರು. ಪಟ್ಟರನ್ನು ಹೊಟ್ಟೆಗೋ ಎದೆಗೋ ಆನಿಸಿ ಹೊಡೆಯುವುದನ್ನು 2016ರ ಜನವರಿ 1ರಿಂದ ನಿಯಮ ನಿಷೇಧಿಸಿತು. ಲ್ಯಾಂಗರ್ ಅದೇ ಪಟ್ಟರನ್ನು ಎದೆಯಿಂದ ಬಿಡಿಸಿ ಹಿಡಿದು ಆಡುವುದನ್ನು ಕಲಿತರು. 2023ರಲ್ಲಿ, 65ನೆಯ ವಯಸ್ಸಿನಲ್ಲಿ, ಅಮೆರಿಕದ ಸೀನಿಯರ್ ಓಪನ್ ಗೆದ್ದರು. ಚಿಕ್ಕ ಪಟ್ ತಪ್ಪಿ ಆಟ ಬಿಡಬೇಕೆಂದಿರುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೊಂದಿಲ್ಲ. ಹಿಡಿತ ಚೆನ್ನಾಗಿ ಕಾಣಬೇಕೆಂದು ನಿಯಮಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ.

ಕದಲಿದರೆ ಮತ್ತೆ ಮೊದಲಿನಿಂದ

ನಿಲುವು ಸರಿಯಿದ್ದೂ ಕೆಡುವ ಗಳಿಗೆಯೊಂದಿದೆ. 1970ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ನಡೆಯುತ್ತಿತ್ತು. ಅಮೆರಿಕದ ಡೌಗ್ ಸ್ಯಾಂಡರ್ಸ್ ಕೊನೆಯ ಕುಳಿಯಲ್ಲಿ ಮೂರಡಿಗೂ ಕಡಿಮೆಯ ಪಟ್ ಬೀಳಿಸಿದ್ದರೆ ಗೆದ್ದಂತೆ. ಚೆಂಡಿನ ಮುಂದೆ ನಿಂತ ಮೇಲೆ ದಾರಿಯಲ್ಲಿ ಏನೋ ಕಸ ಕಂಡಂತಾಯಿತು. ಬಾಗಿ ಅದನ್ನು ತೆಗೆಯಲು ನೋಡಿದರು. ಮತ್ತೆ ಎದ್ದು, ಹಿಂದೆ ಸರಿಯದೆ, ಪಾದಗಳನ್ನು ಹೊಸದಾಗಿ ಊರದೆ ಹಾಗೆಯೇ ಹೊಡೆದರು. ಚೆಂಡು ಕುಳಿಯ ಬಲಕ್ಕೆ ಹೋಯಿತು. ಮರುದಿನದ ಪ್ಲೇಆಫ್‌ನಲ್ಲಿ ನಿಕ್ಲಾಸ್ ಒಂದು ಹೊಡೆತದಿಂದ ಗೆದ್ದರು. ಸ್ಯಾಂಡರ್ಸ್ ತಮ್ಮ ಜೀವಮಾನದಲ್ಲಿ ಒಂದೂ ಮೇಜರ್ ಪ್ರಶಸ್ತಿ ಗೆಲ್ಲಲಿಲ್ಲ.

ಪಾಠ ಸರಳ. ನಿಂತ ಮೇಲೆ ಮೊಬೈಲ್ ಕೂಗಿದರೆ, ಕಾಗೆ ಹಾರಿದರೆ, ಮನಸ್ಸಿನಲ್ಲಿ ಅನುಮಾನ ಹುಟ್ಟಿದರೆ ಹಿಂದೆ ಸರಿದು ಎಲ್ಲವನ್ನೂ ಮೊದಲಿನಿಂದ ಮಾಡಬೇಕು: ಗೆರೆ ನೋಡುವುದು, ಪಟ್ಟರಿನ ಮುಖ ಇಡುವುದು, ಆಮೇಲೆ ಪಾದ, ಆಮೇಲೆ ಒಂದು ನೋಟ, ಹೊಡೆತ. ಮುಖ ಮೊದಲು, ಪಾದ ನಂತರ. ಪಾದ ಊರಿ ಆಮೇಲೆ ಮುಖ ಹೊಂದಿಸಲು ಹೋದರೆ ಕೈ ತಿರುಚಬೇಕಾಗುತ್ತದೆ.

ಹೊಡೆಯುವಾಗ ಕಣ್ಣು ಎಲ್ಲಿರಬೇಕು ಎಂಬುದಕ್ಕೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ 1992ರಲ್ಲೇ ಉತ್ತರ ಕೊಟ್ಟಿದ್ದಾರೆ. ಆಟಗಾರರ ಕಣ್ಣಿನ ಚಲನೆಯನ್ನು ಉಪಕರಣದಿಂದ ಗುರುತಿಸಿದಾಗ, ಒಳ್ಳೆಯ ಪಟ್ಟಿಂಗ್ ಮಾಡುವವರ ದೃಷ್ಟಿ ಚೆಂಡಿನ ಮೇಲೆ ನೆಟ್ಟು ನಿಂತು, ಚೆಂಡು ಹೊರಟ ಮೇಲೂ ಅದಿದ್ದ ಜಾಗದಲ್ಲೇ ಅರೆಗಳಿಗೆ ಉಳಿಯುವುದು ಕಂಡಿತು. ಉಳಿದವರ ಕಣ್ಣು ಚೆಂಡಿಗೂ ಕೋಲಿಗೂ ಕುಳಿಗೂ ನಡುವೆ ಓಡಾಡುತ್ತಿತ್ತು.

ಎಲ್ಲ ತಪ್ಪನ್ನೂ ಕೈಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ಬೆಚ್ಚನೆಯ ನಾಡುಗಳ ಗ್ರೀನ್‌ಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ಬೇರೆ ಯಾವುದೂ ಅಲ್ಲ, ನಾವು ಗಣಪತಿಗೆ ಏರಿಸುವ ಗರಿಕೆಯ ಕುಲದ್ದೇ. ಗರಿಕೆಗೆ ನೆಲದ ಗುಂಟ ಒಂದು ಕಡೆಗೆ ಹಬ್ಬುವ ಸ್ವಭಾವ. ಹುಲ್ಲು ಮಲಗಿದ ಕಡೆಗೆ ಹೊಡೆದರೆ ಚೆಂಡು ಜಾರಿಕೊಂಡು ಹೋಗುತ್ತದೆ, ಎದುರಾಗಿ ಹೊಡೆದರೆ ತಡೆಯುತ್ತದೆ. ಕುಳಿಯ ಕಡೆ ನೋಡಿದಾಗ ಹುಲ್ಲು ಹೊಳೆದರೆ ಜೊತೆಗಿದೆ, ಕಪ್ಪಾಗಿ ಕಂಡರೆ ಎದುರಿಗಿದೆ ಎಂದು ತಿಳಿಯಿರಿ. ಮೈದಾನದಲ್ಲಿ ಬಹಳ ವರ್ಷ ಕಳೆದ ಕ್ಯಾಡಿಯನ್ನು ಕೇಳಿದರೆ ಇನ್ನೂ ಚೆನ್ನ.

ಒಂದು ಸಲಕ್ಕೆ ಒಂದೇ

ಇನ್ನು ಅಭ್ಯಾಸದ ಕ್ರಮ. ಮೊದಲು ಒಂದು ಚಿಕ್ಕ ನೋಟ್‌ಬುಕ್. ಅಭ್ಯಾಸದ ಗ್ರೀನ್‌ನಲ್ಲಿ ಆದಷ್ಟು ಸಮತಟ್ಟಾದ ಜಾಗ ಹುಡುಕಿ, ಮೂರಡಿಯಿಂದ ಇಪ್ಪತ್ತು ಪಟ್ ಹೊಡೆಯಿರಿ. ಎಷ್ಟು ಬಿದ್ದವು, ತಪ್ಪಿದವು ಎಡಕ್ಕೋ ಬಲಕ್ಕೋ ಎಂದು ಬರೆಯಿರಿ. ತಪ್ಪುಗಳು ಒಂದೇ ಕಡೆಗಿದ್ದರೆ ನಿಲುವಿನ ದೋಷ. ಕಣ್ಣು, ಚೆಂಡು, ಭುಜ ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಎರಡೂ ಕಡೆಗೆ ಚದುರಿದ್ದರೆ ಕೈಯ ದೋಷ. ಹಿಡಿತದ ಬಿಗಿಯಿಂದ ಆರಂಭಿಸಿ, ಅದು ಸಾಲದಿದ್ದರೆ ಎಡಗೈ ಕೆಳಗೆ, ಅದೂ ಸಾಲದಿದ್ದರೆ ಉಗುರು ಹಿಡಿತ. ಒಂದು ಬದಲಾವಣೆಗೆ ಕಡೇಪಕ್ಷ ಎರಡು ವಾರ ಕೊಡಿ. ಮೊದಲ ಮೂರು ದಿನ ಲೆಕ್ಕ ಕೆಡುತ್ತದೆ. ಅದನ್ನು ನೋಡಿ ಹೆದರಿ ಹಳೆಯದಕ್ಕೆ ಮರಳುವವರೇ ಹೆಚ್ಚು. ಐದನೆಯ ದಿನದ ಅಂಕಿಯನ್ನು ಮೊದಲ ದಿನದ ಜೊತೆ ಹೋಲಿಸಬೇಡಿ, ಹದಿನಾಲ್ಕನೆಯ ದಿನದ್ದನ್ನು ಹೋಲಿಸಿ.

ಮನೆಯಲ್ಲಿ ಮಾಡುವಂಥದ್ದೂ ಒಂದಿದೆ. ಮಕ್ಕಳ ಒಂದಡಿ ಉದ್ದದ ಸ್ಟೀಲ್ ಸ್ಕೇಲನ್ನು ಜಮಖಾನದ ಮೇಲಿಟ್ಟು ಅದರ ಒಂದು ತುದಿಯಲ್ಲಿ ಚೆಂಡು ಇಡಿ. ಪಕ್ಕಕ್ಕೆ ಬೀಳದಂತೆ ಸ್ಕೇಲಿನ ಇನ್ನೊಂದು ತುದಿ ದಾಟಿಸಿದರೆ ಮುಖ ನೆಟ್ಟಗಿದೆ ಎಂದರ್ಥ. ಮುಖ ಓರೆಯಿದ್ದರೆ ಚೆಂಡು ಅರ್ಧ ದಾರಿಯಲ್ಲೇ ಇಳಿದುಹೋಗುತ್ತದೆ. ಊಟಕ್ಕೆ ಮುಂಚೆ ಹತ್ತು ನಿಮಿಷ ಸಾಕು. ಹೊಸ ಪಟ್ಟರಿಗೆ ಸುರಿಯುವ ಸಾವಿರಾರು ರೂಪಾಯಿ ಹೇಳಿಕೊಡದ ಸತ್ಯವನ್ನು ಈ ಸ್ಕೇಲು ಹೇಳುತ್ತದೆ.

ಇಷ್ಟಾಗಿಯೂ ಕೆಲವು ಪಟ್‌ಗಳು ತಪ್ಪುತ್ತವೆ. ದಕ್ಷಿಣ ಕೊರಿಯಾದ ಐ.ಕೆ. ಕಿಮ್ 2012ರಲ್ಲಿ ಒಂದು ಮೇಜರ್ ಪಂದ್ಯದ ಕೊನೆಯ ಕುಳಿಯಲ್ಲಿ ಸುಮಾರು ಒಂದಡಿಯ ಪಟ್ ತಪ್ಪಿಸಿಕೊಂಡು ಪ್ರಶಸ್ತಿ ಕಳೆದುಕೊಂಡರು. ಒಂದಡಿ! ಆಡುವುದನ್ನು ಅವರು ನಿಲ್ಲಿಸಲಿಲ್ಲ. 2017ರಲ್ಲಿ ಬ್ರಿಟಿಷ್ ಮಹಿಳಾ ಓಪನ್ ಗೆದ್ದರು.

ಕೊನೆಯದಾಗಿ, ಈ ವಾರವೇ ಮಾಡಿ ನೋಡಬಹುದಾದ ಒಂದು ಚಿಕ್ಕ ಕೆಲಸ. ಮೂರಡಿ ಪಟ್ ಹೊಡೆದ ಮೇಲೆ ಚೆಂಡು ಎಲ್ಲಿ ಹೋಯಿತೆಂದು ತಲೆ ಎತ್ತಿ ನೋಡಬೇಡಿ. ಅದು ಇದ್ದ ಜಾಗದ ಹುಲ್ಲನ್ನೇ ನೋಡುತ್ತಿರಿ. ಕುಳಿಯೊಳಗೆ ಬಿದ್ದ ಚೆಂಡು ‘ಟಕ್’ ಎಂದು ತಾನೇ ಕೂಗಿ ಹೇಳುತ್ತದೆ. ಎಡಗಿವಿ ಇರುವುದು ಅದಕ್ಕೇ.